ಬಡವರಿಗೂ ಮನೆತನದ ದಾಖಲೆ ಇರುತ್ತದೆ, ಹಳೆ ಪತ್ರಿಕೆ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂರಬಾರದು ಅಷ್ಟೇ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ವಂಶವೃಕ್ಷ ಹುಡುಕುವುದರ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಒಂದು ಮಾತು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಅರಸರು, ಪಾಳೇಗಾರರು, ಜಮೀನ್ದಾರರು ಬಿಟ್ಟರೆ ಬಡವರ ಮನೆತನಕ್ಕೆ ದಾಖಲೆಯೇ ಇರುವುದಿಲ್ಲ, ಹಾಗಾಗಿ ಮೂರು ತಲೆಮಾರಿನಿಂದ ಆಚೆಗೆ ಹುಡುಕುವುದು ವ್ಯರ್ಥ ಅಂತ ಲೇಖಕರು ತೀರ್ಪು ಕೊಟ್ಟುಬಿಟ್ಟಿದ್ದಾರೆ. ನಾನು ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ರೆಕಾರ್ಡ್ ರೂಮಿನ ಧೂಳು ಕುಡಿದು ಬದುಕಿದವನು. ಬಡವರ ಹೆಸರು ಸಿಗುವುದೇ ಅಲ್ಲಿ ಸ್ವಾಮಿ. ಸಾಹುಕಾರನ ಹೆಸರು ದೇವಸ್ಥಾನದ ಕಲ್ಲಿನ ಮೇಲೆ ಇರುತ್ತದೆ, ಬಡವನ ಹೆಸರು ಪೊಲೀಸ್ ಸ್ಟೇಷನ್ನಿನಲ್ಲಿ, ಕೋರ್ಟಿನಲ್ಲಿ, ಜೈಲಿನಲ್ಲಿ ಇರುತ್ತದೆ. ಹುಡುಕುವವರು ಅಲ್ಲಿಗೆ ಹೋಗಲು ನಾಚಿಕೊಳ್ಳುತ್ತಾರೆ, ಅಷ್ಟೇ.

ಈಗ ಮಗಳ ಮನೆಯಲ್ಲಿ, ಸಿಡ್ನಿಯಲ್ಲಿ ಇದ್ದೇನೆ. ಮೊಮ್ಮಕ್ಕಳು ಶಾಲೆಗೆ ಹೋದಮೇಲೆ ಹೊತ್ತು ಹೋಗಬೇಕಲ್ವಾ, ಇಲ್ಲಿನ ಹಳೆ ಕಾಲದ ಒಂದು ದಂಪತಿಯ ಕಾಗದಪತ್ರಗಳ ಬೆನ್ನು ಹತ್ತಿದ್ದೇನೆ. ಹೆನ್ರಿ ಕೇಬಲ್ ಮತ್ತು ಸುಸನ್ನಾ ಹೋಮ್ಸ್. 1788ರ ಜನವರಿಯಲ್ಲಿ ಇಂಗ್ಲೆಂಡಿನಿಂದ ಕೈದಿಗಳನ್ನು ತುಂಬಿಕೊಂಡು ಬಂದ ಮೊದಲ ಹಡಗುಗಳಲ್ಲಿ ಬಂದವರು. ಆಸ್ಟ್ರೇಲಿಯಾದಲ್ಲಿ ಇವರ ಸಂತತಿ ದೊಡ್ಡದು, ಇವರ ಬಗ್ಗೆ ಈಗಾಗಲೇ ತುಂಬಾ ಜನ ಬರೆದಿದ್ದಾರೆ, ನಾನು ಹೊಸದಾಗಿ ಏನೂ ಕಂಡುಹಿಡಿದಿಲ್ಲ. ಆದರೂ ನಿಮ್ಮ ಲೇಖಕರ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಕತ್ತರಿ ಹಾಕಬೇಡಿ.

ಹುಡುಕುವವರು ಯಾವಾಗಲೂ ಸಾವಿನಿಂದ ಶುರುಮಾಡಿ ಹಿಂದಕ್ಕೆ ಹೋಗಬೇಕು. ಇವರ ಸಮಾಧಿ ಸಿಡ್ನಿಯ ವಾಯವ್ಯಕ್ಕೆ, ಹಾಕ್ಸ್‌ಬರಿ ನದಿಯ ದಂಡೆಯ ಮೇಲಿರುವ ವಿಂಡ್ಸರ್ ಊರಿನ ಸೇಂಟ್ ಮ್ಯಾಥ್ಯೂ ಚರ್ಚಿನ ಅಂಗಳದಲ್ಲಿದೆ. ಸುಸನ್ನಾ ತೀರಿಕೊಂಡಿದ್ದು 1825ರಲ್ಲಿ, ಹೆನ್ರಿ 1846ರಲ್ಲಿ. ಇಟ್ಟಿಗೆಯ ಚೆಂದದ ಚರ್ಚು. ಅದರ ನಕ್ಷೆ ಹಾಕಿದ ಫ್ರಾನ್ಸಿಸ್ ಗ್ರೀನ್‌ವೇ ಕೂಡ ಖೋಟಾ ಕಾಗದ ಮಾಡಿ ಸಿಕ್ಕಿಬಿದ್ದು ಗಡೀಪಾರಾಗಿ ಬಂದ ಕೈದಿಯೇ.

ಇಲ್ಲಿ ನಮ್ಮ ಮೈಸೂರಿನವರಿಗೆ ಒಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಹಸಿರು ಗುಡ್ಡ ಅಂತ ಕರೆಸಿಕೊಳ್ಳುತ್ತಿದ್ದ ಆ ಜಾಗಕ್ಕೆ 1810ರಲ್ಲಿ ವಿಂಡ್ಸರ್ ಅಂತ ಹೆಸರಿಟ್ಟವನು ಗವರ್ನರ್ ಲಾಕ್ಲನ್ ಮ್ಯಾಕ್ವಾರಿ. ಈ ಮನುಷ್ಯ 1799ರಲ್ಲಿ ಬ್ರಿಟಿಷ್ ಸೈನ್ಯದ ಜೊತೆ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇದ್ದವನು. ಟಿಪ್ಪು ಸತ್ತಮೇಲೆ ಹಂಚಿದ ಲೂಟಿಯಲ್ಲಿ ಪಾಲು ತೆಗೆದುಕೊಂಡವನು. ಇಲ್ಲಿ ಅವನ ಹೆಸರಿಲ್ಲದ ಬೀದಿ ಇಲ್ಲ, ವಿಶ್ವವಿದ್ಯಾಲಯ ಇದೆ, ಬ್ಯಾಂಕೂ ಇದೆ. ನಮ್ಮ ಕನ್ನಡದ ಹುಡುಗರು ಎಷ್ಟೋ ಜನ ಆ ಹೆಸರಿನ ಕಡೆಯೇ ಕೆಲಸ ಮಾಡುತ್ತಾರೆ. ಅವರಿಗೆ ಈ ವಿಷಯ ಹೇಳಿದರೆ ಹೌದಾ ಅಂಕಲ್ ಅಂದು ಮತ್ತೆ ಫೋನ್ ನೋಡುತ್ತಾರೆ.

ಸರಿ, ಸಮಾಧಿಯಿಂದ ಹಿಂದಕ್ಕೆ. ಹೆನ್ರಿ 1811ರಲ್ಲಿ ವಿಂಡ್ಸರಿಗೆ ಬಂದು ಅಂಗಡಿ ಇಟ್ಟ, ಬಿಯರ್ ಕಾಯಿಸಿ ಮಾರಿದ. ಅದಕ್ಕೆ ಮುಂಚೆ ಸಿಡ್ನಿಯಲ್ಲಿ ಅವನು ದೊಡ್ಡ ವ್ಯಾಪಾರಿ. ಜೇಮ್ಸ್ ಅಂಡರ್‌ವುಡ್ ಮತ್ತು ಸಿಮಿಯನ್ ಲಾರ್ಡ್ ಅನ್ನುವ ಇನ್ನಿಬ್ಬರು ಮಾಜಿ ಕೈದಿಗಳ ಜೊತೆ ಪಾಲುದಾರಿಕೆ. ಹಡಗು ಕಟ್ಟಿಸಿದರು, ಸಮುದ್ರದ ಸೀಲ್ ಪ್ರಾಣಿಯ ಚರ್ಮ ಮಾರಿದರು, ದುಡ್ಡು ಮಾಡಿದರು, ಆಮೇಲೆ ಪಾಲುದಾರರು ಒಬ್ಬರ ಮೇಲೊಬ್ಬರು ದಾವೆ ಹಾಕಿಕೊಂಡರು. (ಪಾಲುದಾರಿಕೆ ಅಂದಮೇಲೆ ಕೊನೆಗೆ ಬರುವುದು ನಮ್ಮ ಕೋರ್ಟಿಗೇ ತಾನೇ.) 1807ರಲ್ಲಿ ಮೂವರೂ ಸೇರಿ ಗವರ್ನರ್ ಬ್ಲೈಗೆ ಬರೆದ ಕಾಗದದ ಧಾಟಿ ಸರಿಯಿಲ್ಲ ಅಂತ ಅವನು ಒಂದು ತಿಂಗಳು ಒಳಗೆ ಹಾಕಿಸಿದ, ತಲಾ ನೂರು ಪೌಂಡ್ ದಂಡ ಬೇರೆ. ಅದಕ್ಕೂ ಹಿಂದೆ ಹೋದರೆ ಇದೇ ಹೆನ್ರಿ ಸಿಡ್ನಿಯ ಮುಖ್ಯ ಕಾನ್‌ಸ್ಟೇಬಲ್! ಕಳ್ಳನನ್ನೇ ಕಾವಲಿಗೆ ಇಟ್ಟರು ಅಂತ ನಗಬೇಡಿ, ಆಗ ಅಲ್ಲಿ ಇದ್ದವರೇ ಅವರು. 1802ರಲ್ಲಿ ಆ ಕೆಲಸವೂ ಹೋಯಿತು. ಬಂದರಿನ ಕಾಯಿದೆ ಮುರಿದು ಹಡಗಿನಿಂದ ಕದ್ದುಮುಚ್ಚಿ ಹಂದಿ ಇಳಿಸಿಕೊಂಡಿದ್ದಕ್ಕೆ.

ಇಷ್ಟೆಲ್ಲ ಎಲ್ಲಿಂದ ಗೊತ್ತಾಗುತ್ತದೆ ಅಂದರೆ, ಒಂದು ಸರ್ಕಾರದ ಕಡತ, ಇನ್ನೊಂದು ಪತ್ರಿಕೆ. ಸಿಡ್ನಿ ಗೆಜೆಟ್ ಅನ್ನುವ ಪತ್ರಿಕೆ 1803ರ ಮಾರ್ಚ್ 5ರಂದು ಶುರುವಾಯಿತು. ಅದನ್ನು ಅಚ್ಚು ಹಾಕಿದ ಜಾರ್ಜ್ ಹೌ ಕೂಡ ಕೈದಿಯಾಗಿ ಬಂದವನೇ. ಅದರ ಪುಟಗಳನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ಟ್ರೋವ್ ಅನ್ನುವ ತಾಣದಲ್ಲಿ ಪುಕ್ಕಟೆಯಾಗಿ ಇಟ್ಟಿದೆ. ಹೆಸರು ಟೈಪ್ ಮಾಡಿದರೆ ಸಾಕು, ಹರಾಜು, ಸಾಲದ ನೋಟಿಸು, ಹಡಗು ಬಂದಿದ್ದು, ಮದುವೆ, ಸಾವು, ಎಲ್ಲ ಎದ್ದು ಬರುತ್ತದೆ. ಕಂಪ್ಯೂಟರು ಹಳೆ ಅಚ್ಚನ್ನು ತಪ್ಪಾಗಿ ಓದಿದ್ದರೆ ಓದುಗರೇ ಕೂತು ತಿದ್ದುತ್ತಾರೆ. ನಾನೂ ಮಧ್ಯಾಹ್ನ ಊಟ ಆದಮೇಲೆ ಒಂದಷ್ಟು ಸಾಲು ತಿದ್ದುತ್ತೇನೆ. ನಿದ್ದೆಗಿಂತ ವಾಸಿ.

ಗೆಜೆಟ್ ಹುಟ್ಟುವ ಮುಂಚಿನ ಕಾಲಕ್ಕೆ ಚರ್ಚಿನ ರಿಜಿಸ್ಟರ್ ಬೇಕು. ಹಡಗುಗಳು ಸಿಡ್ನಿ ಕೋವ್‌ನಲ್ಲಿ ಲಂಗರು ಹಾಕಿದ್ದು 1788ರ ಜನವರಿ 26. ಫೆಬ್ರವರಿ 10ರಂದು ಪಾದ್ರಿ ರಿಚರ್ಡ್ ಜಾನ್ಸನ್ ಐದು ಜೋಡಿಗಳಿಗೆ ಮದುವೆ ಮಾಡಿಸಿದ. ಅದರಲ್ಲಿ ಹೆನ್ರಿ ಮತ್ತು ಸುಸನ್ನಾ ಒಂದು ಜೋಡಿ. ಅದೇ ದಿನ ಮದುವೆಯಾದ ಇನ್ನೊಬ್ಬಳು ಮೇರಿ ಬ್ರಯಂಟ್, ಮೂರು ವರ್ಷ ಆದಮೇಲೆ ಗಂಡ ಮಕ್ಕಳ ಜೊತೆ ಗವರ್ನರನ ದೋಣಿಯನ್ನೇ ಕದ್ದು ತಿಮೋರ್‌ವರೆಗೆ ಓಡಿಹೋದವಳು. ಅವಳದೇ ಒಂದು ಪುರಾಣ, ಇಲ್ಲಿ ಬೇಡ.

ಮದುವೆ ಆಗುವ ಹೊತ್ತಿಗೆ ಹೆನ್ರಿ ಸುಸನ್ನಾಗೆ ಎರಡು ವರ್ಷದ ಗಂಡುಮಗು ಇತ್ತು. ಆ ಮಗು ಹುಟ್ಟಿದ್ದು ಇಂಗ್ಲೆಂಡಿನ ನಾರಿಚ್ ಕೋಟೆಯ ಜೈಲಿನಲ್ಲಿ. ಅಲ್ಲಿಗೆ ಬಂದರೆ ಕತೆ ಶುರು.

ಹೆನ್ರಿ ಸಫೋಕ್ ಜಿಲ್ಲೆಯ ಲಾಕ್ಸ್‌ಫೀಲ್ಡ್ ಹಳ್ಳಿಯವನು. ಒಂದು ಮನೆ ಕನ್ನ ಹಾಕಿದ ಕೇಸಿನಲ್ಲಿ 1783ರ ಮಾರ್ಚ್‌ನಲ್ಲಿ ಥೆಟ್‌ಫರ್ಡ್ ಕೋರ್ಟು ಅವನಿಗೆ, ಅವನ ಅಪ್ಪನಿಗೆ, ಇನ್ನೊಬ್ಬನಿಗೆ ಮೂವರಿಗೂ ಗಲ್ಲು ಹೇಳಿತು. ಹುಡುಗ ಚಿಕ್ಕವನು ಅಂತ ಹೆನ್ರಿಯ ಶಿಕ್ಷೆಯನ್ನು 14 ವರ್ಷ ಅಮೆರಿಕಕ್ಕೆ ಗಡೀಪಾರು ಅಂತ ಬದಲಿಸಿದರು. ಅಪ್ಪನನ್ನು ನೇಣಿಗೆ ಹಾಕಿದರು. ಅಪ್ಪನ ಹೆಸರೂ ಹೆನ್ರಿಯೇ. ಹುಡುಕುವವರಿಗೆ ಇದು ದೊಡ್ಡ ತಲೆನೋವು. ಹೆಸರಿನ ಕಾಗುಣಿತವೋ, ಒಂದು ಕಾಗದದಲ್ಲಿ ಕ್ಯಾಬೆಲ್, ಇನ್ನೊಂದರಲ್ಲಿ ಕೇಬಲ್, ಅದೂ ಒಮ್ಮೆ ಸಿ ಅಕ್ಷರದಿಂದ ಒಮ್ಮೆ ಕೆ ಅಕ್ಷರದಿಂದ. ಗುಮಾಸ್ತನ ಕಿವಿಗೆ ಕೇಳಿದ್ದೇ ಹೆಸರು. ನಮ್ಮ ಕೋರ್ಟಿನಲ್ಲೂ ಒಬ್ಬನೇ ಮನುಷ್ಯ ಒಂದೇ ಕಡತದಲ್ಲಿ ತಿಮ್ಮ, ತಿಮ್ಮಯ್ಯ, ತಿಮ್ಮೇಗೌಡ ಮೂರೂ ಆಗಿರುವುದನ್ನು ನೋಡಿದ್ದೇನೆ. ಅಪ್ಪ ಮಗ ಇಬ್ಬರೂ ಹೆನ್ರಿ ಆಗಿರುವ ಕಡೆ, ಶಿಕ್ಷೆ ಏನಾಯಿತು ಅಂತ ಕೊನೆವರೆಗೆ ಓದದೆ ವಂಶವೃಕ್ಷ ಬರೆದರೆ ಮಗನನ್ನೇ ನೇಣಿಗೆ ಹಾಕಿಸಿಬಿಡುತ್ತೀರಿ. ದುಡ್ಡು ಕಟ್ಟಿ ಸೇರುವ ವಂಶವೃಕ್ಷದ ತಾಣಗಳಲ್ಲಿ ಒಬ್ಬರದನ್ನು ಇನ್ನೊಬ್ಬರು ಸುಮ್ನೆ ನಕಲು ಮಾಡುವುದೇ ಜಾಸ್ತಿ. ನಿಮ್ಮ ಲೇಖಕರು ಅವುಗಳನ್ನು ಅಷ್ಟು ಹೊಗಳಬಾರದಿತ್ತು.

ಸುಸನ್ನಾ ನಾರ್ಫೋಕ್‌ನ ಸರ್ಲಿಂಗಮ್ ಹಳ್ಳಿಯವಳು. ಬಟ್ಟೆ, ಬೆಳ್ಳಿ ಚಮಚ ಕದ್ದ ಆರೋಪ. 1784ರಲ್ಲಿ ಅದೇ ಥೆಟ್‌ಫರ್ಡ್ ಕೋರ್ಟಿನಲ್ಲಿ ಅವಳಿಗೂ ಮೊದಲು ಗಲ್ಲು, ಆಮೇಲೆ 14 ವರ್ಷ ಗಡೀಪಾರು. ಆದರೆ ಕಳಿಸುವುದೆಲ್ಲಿಗೆ? ಅಮೆರಿಕ ಅಷ್ಟರಲ್ಲಿ ಸ್ವತಂತ್ರ ಆಗಿತ್ತು, ಇಂಗ್ಲೆಂಡಿನ ಕೈದಿಗಳನ್ನು ಇಳಿಸಿಕೊಳ್ಳಲು ಅವರು ತಯಾರಿರಲಿಲ್ಲ. ಜೈಲುಗಳು ತುಂಬಿ ತುಳುಕಿದವು, ಹಳೆ ಹಡಗುಗಳನ್ನು ನೀರಿನಲ್ಲೇ ಕಟ್ಟಿಹಾಕಿ ಜೈಲು ಮಾಡಿದರು. ಅಷ್ಟು ಕಾಲ ಇಬ್ಬರೂ ನಾರಿಚ್ ಕೋಟೆಯಲ್ಲೇ ಉಳಿದರು. ಪ್ರೀತಿ ಆಯಿತು. 1786ರಲ್ಲಿ ಮಗು ಆಯಿತು. ಮದುವೆಗೆ ಅನುಮತಿ ಕೇಳಿದರು, ಕೊಡಲಿಲ್ಲ.

ಅದೇ ವರ್ಷ ಸರ್ಕಾರ ಈ ಸಿಡ್ನಿಯ ಹತ್ತಿರದ ಬಾಟನಿ ಬೇ ಅನ್ನುವ ಕೊಲ್ಲಿಗೆ ಕೈದಿಗಳನ್ನು ಕಳಿಸುವುದು ಅಂತ ತೀರ್ಮಾನ ಮಾಡಿತು. ಹೆಂಗಸರು ಬೇಕಾಗಿದ್ದರು. ನಾರಿಚ್‌ನಿಂದ ಸುಸನ್ನಾ ಮತ್ತು ಇನ್ನಿಬ್ಬರನ್ನು ಪ್ಲಿಮತ್ ಬಂದರಿಗೆ ಕರೆದುಕೊಂಡು ಹೋಗುವ ಕೆಲಸ ಜೈಲರ್ ಜಾನ್ ಸಿಂಪ್ಸನ್‌ನದು. ಇಂಗ್ಲೆಂಡಿನ ಈ ತುದಿಯಿಂದ ಆ ತುದಿಗೆ, ಚಳಿಯಲ್ಲಿ, ಕುದುರೆ ಗಾಡಿಯಲ್ಲಿ. ಅಲ್ಲಿ ಜೈಲು ಹಡಗಿನ ಕ್ಯಾಪ್ಟನ್ ಸುಸನ್ನಾಳನ್ನು ಹತ್ತಿಸಿಕೊಂಡ. ಮಗುವಿಗೆ ಆರ್ಡರ್ ಇಲ್ಲ, ಬೇಡ ಅಂದ. ಎಷ್ಟು ಗೋಗರೆದರೂ ಕೇಳಲಿಲ್ಲ. ತಾಯಿ ಹಡಗಿನೊಳಗೆ, ಮಗು ಜೈಲರನ ಕೈಯಲ್ಲಿ.

ಸಂಪಾದಕರೇ, ನಾನು ನಲವತ್ತು ಚಿಲ್ಲರೆ ವರ್ಷ ಸರ್ಕಾರಿ ನೌಕರಿ ಮಾಡಿದವನು. ಇಂಥ ಹೊತ್ತಿನಲ್ಲಿ ನಮ್ಮಂಥವರು ಏನು ಮಾಡುತ್ತೇವೆ ಅಂತ ನನಗೆ ಚೆನ್ನಾಗಿ ಗೊತ್ತು. ಒಂದು ಟಿಪ್ಪಣಿ ಬರೆದು ಮೇಲಿನವರಿಗೆ ಕಳಿಸಿ ಆದೇಶಕ್ಕೆ ಕಾಯುತ್ತೇವೆ. ಸಿಂಪ್ಸನ್ ಹಾಗೆ ಮಾಡಲಿಲ್ಲ. ಮೊಲೆಹಾಲು ಕುಡಿಯುವ ಕೂಸನ್ನು ತೊಡೆ ಮೇಲೆ ಮಲಗಿಸಿಕೊಂಡು ಗಾಡಿ ಹತ್ತಿ ಸೀದಾ ಲಂಡನ್ನಿಗೆ ಹೋದ. ದಾರಿಯುದ್ದಕ್ಕೂ ಸಿಕ್ಕ ಕಡೆ ನಿಂತು ಕೂಸಿಗೆ ಕೈಲಾದಷ್ಟು ಹಾಲೂಡಿಸುತ್ತಾ ಹೋದ. ಕೂಸನ್ನು ಒಬ್ಬ ಹೆಂಗಸಿನ ಹತ್ತಿರ ಬಿಟ್ಟು ಗೃಹ ಮಂತ್ರಿ ಲಾರ್ಡ್ ಸಿಡ್ನಿಯ ಕಚೇರಿಗೆ ಹೋದ. ಒಳಗೆ ಬಿಡಲಿಲ್ಲ. ಕಾದು ಕೂತು, ಮಂತ್ರಿ ಮೆಟ್ಟಿಲು ಇಳಿದು ಬರುವಾಗ ಅಡ್ಡ ನಿಂತು ಹೇಳಿಯೇಬಿಟ್ಟ. ಮಂತ್ರಿ ಕರಗಿದ. ಮಗು ತಾಯಿಯ ಹತ್ತಿರ ಹೋಗಲಿ, ತಂದೆಯನ್ನೂ ಜೊತೆಗೆ ಕಳಿಸಿ ಅಂತ ಆದೇಶ ಕೊಟ್ಟ. ಸಿಂಪ್ಸನ್ ವಾಪಸ್ ನಾರಿಚ್‌ಗೆ ಹೋಗಿ ಹೆನ್ರಿಯನ್ನು ಕರೆದುಕೊಂಡು, ಅಪ್ಪ ಮಗ ಇಬ್ಬರನ್ನೂ ಪ್ಲಿಮತ್‌ಗೆ ಮುಟ್ಟಿಸಿದ. ಈಗ ಇಲ್ಲಿನ ಊರಿಗೆ ಲಾರ್ಡ್ ಸಿಡ್ನಿಯ ಹೆಸರಿದೆ. ಸಿಂಪ್ಸನ್‌ನನ್ನು ಕೇಳುವವರಿಲ್ಲ.

ಇದು ನಮಗೆ ತಿಳಿದಿದ್ದು ಯಾಕೆ? ಪತ್ರಿಕೆಗಳು ಬರೆದವು. 1786ರ ಕೊನೆಯಲ್ಲಿ ಜೈಲರನ ಈ ಓಡಾಟ ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಬಂತು, ಓದಿದ ಜನ ಮರುಗಿ 20 ಪೌಂಡ್ ಚಂದಾ ಎತ್ತಿದರು. ಆ ದುಡ್ಡಿನಲ್ಲಿ ಬಟ್ಟೆಬರೆ, ಸಾಮಾನು ಕೊಂಡು ಗಂಟು ಕಟ್ಟಿ ಅಲೆಕ್ಸಾಂಡರ್ ಅನ್ನುವ ಹಡಗಿನಲ್ಲಿ ಹಾಕಿದರು. ದಂಪತಿ ಬಂದಿದ್ದು ಬೇರೆ ಹಡಗಿನಲ್ಲಿ. ಸಿಡ್ನಿಯಲ್ಲಿ ಇಳಿದು ಗಂಟು ಕೇಳಿದರೆ ಗಂಟು ನಾಪತ್ತೆ!

ನನ್ನಂಥವನಿಗೆ ಬಾಯಲ್ಲಿ ನೀರೂರುವ ಭಾಗ ಇದು. 1788ರ ಜುಲೈನಲ್ಲಿ ಹೆನ್ರಿ ಮತ್ತು ಸುಸನ್ನಾ ಅಲೆಕ್ಸಾಂಡರ್ ಹಡಗಿನ ಕ್ಯಾಪ್ಟನ್ ಡಂಕನ್ ಸಿಂಕ್ಲೇರ್ ಮೇಲೆ ದಾವೆ ಹಾಕಿದರು. ಆ ನೆಲದಲ್ಲಿ ಬ್ರಿಟಿಷ್ ಕಾನೂನಿನ ಮೊದಲ ಸಿವಿಲ್ ದಾವೆ ಅದೇ. ವಾದಿಗಳು ಕೈದಿಗಳು, ಪ್ರತಿವಾದಿ ಹಡಗಿನ ಯಜಮಾನ. ಆಗಿನ ಇಂಗ್ಲೆಂಡಿನ ಕಾನೂನಿನ ಪ್ರಕಾರ ಗಲ್ಲು ಶಿಕ್ಷೆಗೆ ಗುರಿಯಾಗಿ ಮಾಫಿ ಪಡೆಯದವನು ಕೋರ್ಟಿನಲ್ಲಿ ದಾವೆ ಹಾಕುವಂತೆಯೇ ಇರಲಿಲ್ಲ. ಆದರೆ ಅರ್ಜಿಯಲ್ಲಿ ಇವರು ಕೈದಿಗಳು ಅನ್ನುವ ಸುದ್ದಿಯೇ ಇಲ್ಲ, ಈ ಜಾಗದಲ್ಲಿ ಹೊಸದಾಗಿ ನೆಲೆಸಿದವರು ಅಂತ ಬರೆದಿದ್ದಾರೆ. ನ್ಯಾಯಾಧೀಶ ಡೇವಿಡ್ ಕಾಲಿನ್ಸ್‌ಗೆ ಇವರು ಯಾರು ಅಂತ ಗೊತ್ತಿಲ್ಲದೆ ಇರುತ್ತದೆಯೇ? ಇಡೀ ವಸಾಹತಿನಲ್ಲಿ ಇದ್ದವರು ಸಾವಿರ ಜನ ಅಷ್ಟೇ. ಕಣ್ಣು ಮುಚ್ಚಿಕೊಂಡ, ಅಷ್ಟೇ. ಒಳ್ಳೆಯದಕ್ಕೇ ಮುಚ್ಚಿಕೊಂಡ. 15 ಪೌಂಡ್ ಕೊಡಬೇಕು ಅಂತ ಕ್ಯಾಪ್ಟನ್‌ಗೆ ಆದೇಶ ಆಯಿತು. ಕಾನೂನು ಓದುವ ಮಕ್ಕಳು ಇಲ್ಲಿ ಈಗಲೂ ಈ ಕೇಸು ಓದುತ್ತಾರೆ.

ನೋಡಿ, ಓದುಬರಹದ ಮನೆಯವರಲ್ಲ, ಆಸ್ತಿ ಇಲ್ಲ, ಹಳ್ಳಿಯಲ್ಲಿ ಹುಟ್ಟಿ ಕಳ್ಳತನಕ್ಕೆ ಇಳಿದವರು. ಇಂಥವರ ಬದುಕು ತಿಂಗಳು ತಾರೀಖಿನ ಸಮೇತ ಸಿಗುತ್ತದೆ. ಸಿಕ್ಕಿಬೀಳದೆ ಇದ್ದಿದ್ದರೆ ಹಳ್ಳಿಯ ಚರ್ಚಿನ ಪುಸ್ತಕದಲ್ಲಿ ಒಂದೊಂದು ಸಾಲಿಗೆ ಮುಗಿದುಹೋಗುತ್ತಿದ್ದರು. ಇಲ್ಲಿಯವರೂ ಮೊದಲು ಇದನ್ನೆಲ್ಲ ಮುಚ್ಚಿಡುತ್ತಿದ್ದರಂತೆ, ಮನೆಯಲ್ಲಿ ಕೈದಿ ಮುತ್ತಜ್ಜನ ಮಾತೆತ್ತಿದರೆ ದೊಡ್ಡವರು ಗದರಿಸುತ್ತಿದ್ದರಂತೆ. 1968ರಲ್ಲಿ ಮೊದಲ ಹಡಗುಗಳಲ್ಲಿ ಬಂದವರ ಸಂತತಿಯವರು ಒಂದು ಸಂಘವನ್ನೇ ಕಟ್ಟಿಕೊಂಡರು. ಈಗ ಕೈದಿ ಪೂರ್ವಜ ಇದ್ದರೆ ಎದೆಯುಬ್ಬಿಸಿ ಹೇಳುತ್ತಾರೆ. ಕೈದಿಗಳ ಕಡತಗಳು 2007ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿವೆ.

ಎದೆಯುಬ್ಬಿಸುವುದು ಸ್ವಲ್ಪ ಜಾಸ್ತಿಯೇ ಆಯಿತು ಅಂತಲೂ ನನಗೆ ಅನಿಸುತ್ತದೆ. ಇವರು ಇಳಿದ ಸಿಡ್ನಿಯ ದಂಡೆ ಗ್ಯಾಡಿಗಲ್ ಜನರದು, ವಿಂಡ್ಸರಿನ ನದಿ ದಂಡೆ ಡಾರುಗ್ ಜನರದು. ಹಡಗುಗಳು ಬಂದ ಮರುವರ್ಷವೇ, 1789ರಲ್ಲಿ, ಸಿಡುಬು ಹಬ್ಬಿ ಸಿಡ್ನಿ ಸುತ್ತಮುತ್ತಲಿನ ಆ ಜನ ಗುಂಪುಗುಂಪಾಗಿ ಸತ್ತರು. ಅವರ ಗಂಡಹೆಂಡಿರ ಹೆಸರು, ಮಕ್ಕಳ ಹೆಸರು ಬರೆದಿಡುವ ರಿಜಿಸ್ಟರ್ ಯಾರ ಹತ್ತಿರವೂ ಇರಲಿಲ್ಲ. ಕಂಬಳಿ ಹಂಚಿದ ಪಟ್ಟಿ, ಮಿಷನ್ನಿನ ಪುಸ್ತಕ ಇಂಥದ್ದರಲ್ಲಿ ಅವರ ಮೊಮ್ಮಕ್ಕಳು ಈಗ ಹುಡುಕುತ್ತಿದ್ದಾರೆ. ಕೇಬಲ್ ಮನೆತನಕ್ಕೆ ಸಿಕ್ಕಿದ ಅದೃಷ್ಟ ಅವರಿಗಿಲ್ಲ. ಕಾಗದ ಸುಟ್ಟುಹೋದರೂ ಇದೇ ಗತಿ. 1882ರಲ್ಲಿ ಸಿಡ್ನಿಯ ಗಾರ್ಡನ್ ಪ್ಯಾಲೇಸ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಅದರ ಹಿಂದಿನ ವರ್ಷದ ಜನಗಣತಿಯ ಕಾಗದ ಅಷ್ಟೂ ಬೂದಿಯಾಯಿತು.

ಈಗ ನಮ್ಮ ಕಡೆಗೆ ಬರುತ್ತೇನೆ. ನಮ್ಮಲ್ಲಿ ಹೆಳವರು ಎತ್ತಿನ ಮೇಲೆ ಊರೂರು ತಿರುಗಿ ಒಂದೊಂದು ಮನೆಯ ತಲೆಮಾರುಗಳನ್ನು ಹೇಳುತ್ತಿದ್ದರು, ಅವರ ಮಕ್ಕಳು ಈಗ ಬೇರೆ ಕೆಲಸಕ್ಕೆ ಹೋಗಿದ್ದಾರೆ, ತಪ್ಪಲ್ಲ. ಕಂದಾಯದ ದಾಖಲೆಯಲ್ಲಿ ಜಮೀನು ಇದ್ದವನ ಹೆಸರು ಮಾತ್ರ ಸಿಗುತ್ತದೆ, ಅದೂ ಗಂಡಸಿನದು. ಉಳಿದಿದ್ದು ಕೋರ್ಟು ಮತ್ತು ನೀವು. ಕೋರ್ಟಿನ ಹಳೆ ಕಡತಗಳಿಗೆ ಅವಧಿ ಮುಗಿದರೆ ನಾಶ ಮಾಡುವ ನಿಯಮ ಇದೆ, ನನ್ನ ಕೈಯಾರೆ ಪಟ್ಟಿ ಮಾಡಿ ಕಳಿಸಿದ್ದೇನೆ. ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ.

ನಿಮ್ಮ ಹಳೆ ಸಂಚಿಕೆಗಳನ್ನು ದಯವಿಟ್ಟು ಜನರಿಗೆ ತೆರೆದಿಡಿ. ಸ್ಕ್ಯಾನ್ ಮಾಡಿ ಹಾಕಿದರೆ ಅರ್ಧ ಕೆಲಸ ಆದಂತೆ, ಹೆಸರು ಕೊಟ್ಟು ಹುಡುಕಲು ಬಂದರೆ ಪೂರ್ತಿ. ಹಳೆ ಮೊಳೆ ಅಚ್ಚಿನ ಕನ್ನಡವನ್ನು ಕಂಪ್ಯೂಟರು ಓದುವಾಗ ಒತ್ತಕ್ಷರಗಳನ್ನು ಹಾಳು ಮಾಡುತ್ತದೆ, ಗೊತ್ತು. ತಿದ್ದಲು ನನ್ನಂಥ ಕೆಲಸವಿಲ್ಲದ ಮುದುಕರು ರಾಜ್ಯದ ತುಂಬ ಇದ್ದೇವೆ, ಸಂಬಳ ಬೇಡ.

ಇನ್ನೊಂದು, ನಿಮ್ಮ ಶ್ರದ್ಧಾಂಜಲಿ ಜಾಹೀರಾತು. ಒಂದು ಫೋಟೋ, ಜನನ ಮರಣದ ತಾರೀಖು, ಅಗಲಿಕೆಯ ನಾಲ್ಕು ಸಾಲು, ಕೆಳಗೆ ದುಃಖತಪ್ತ ಕುಟುಂಬದವರು. ಯಾವ ಊರು, ಯಾರ ಮಗಳು ಅಂತ ಕೇಳಿದರೆ ಗೊತ್ತಾಗುವುದೇ ಇಲ್ಲ. ಹೆಣ್ಣುಮಕ್ಕಳದಂತೂ ಗಂಡನ ಹೆಸರು ಬಂದಮೇಲೆ ತವರು ಮಾಯ. ಸುಸನ್ನಾ ಸರ್ಲಿಂಗಮ್‌ನವಳು ಅಂತ ನನಗೆ ಇವತ್ತು ಗೊತ್ತಿದೆ, ಅದು ಅವಳ ಮೇಲೆ ಕೇಸು ಆಗಿದ್ದಕ್ಕೆ. ನನ್ನ ಅಜ್ಜಿಯ ತಾಯಿಯ ತವರೂರು ಯಾವುದು ಅಂತ ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ, ಪಾಪ ಆಕೆ ಏನೂ ಕದ್ದಿರಲಿಲ್ಲ. ಹಾಗಾಗಿ ಜಾಹೀರಾತು ಕೌಂಟರಿನಲ್ಲಿ ತುಂಬಿಸಿಕೊಳ್ಳುವ ಫಾರಂನಲ್ಲಿ ಹುಟ್ಟೂರು, ತಂದೆ ತಾಯಿಯ ಹೆಸರು ಅಂತ ಎರಡು ಖಾನೆ ಸೇರಿಸಿ. ಆ ಎರಡು ಸಾಲಿಗೆ ದರ ಹಾಕಬೇಡಿ. ನಿಮ್ಮ ಜಾಹೀರಾತು ವಿಭಾಗದವರು ಒಪ್ಪುವುದಿಲ್ಲ ಅಂತ ಗೊತ್ತು, ಆದರೂ ಒಂದು ಮಾತು ಕೇಳಿ ನೋಡಿ.

ಇಂತಿ,
ನಿವೃತ್ತ ಶಿರಸ್ತೇದಾರ, ಮೈಸೂರು
(ಸದ್ಯ ಸಿಡ್ನಿ)